ದಿನ ತುಂಬದೆ ಹುಟ್ಟಿದ ಮಗು ಸರಿಯಾಗಿ ಬೆಳೀತಾ ಇದೆಯಾ?

(ಸ್ವಸಹಾಯ ಸಂಘಗಳ ಸಭೆಗಾಗಿ ಆರೋಗ್ಯ ಪಾಠ)



ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಮಗು ಎನ್ನುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ಗಂಡಾಂತರ ಕಳೆಯಿತೆಂದು ಸುಮ್ಮನಾಗಬಾರದು. ಮಗುವಿನ ಬೆಳವಣಿಗೆ ಗಮನಿಸುವ ನಮ್ಮ ಕೆಲಸ ಅಲ್ಲಿಂದಲೇ ಶುರು.

1. ವಯಸ್ಸಿನ ಲೆಕ್ಕ

"ಪಕ್ಕದ ಮನೆ ಮಗು ಎಷ್ಟು ದಪ್ಪ ಇದೆ, ನಿಮ್ದು ಯಾಕೆ ಹೀಗಿದೆ? ನಿನಗೆ ಹಾಲು ಸಾಲ್ತಿಲ್ಲ" ಎಂದು ಜನ ಹೇಳುತ್ತಾರೆ. ತಾಯಿ ಹೆದರಿ ಡಬ್ಬದ ಹಾಲು ತರಿಸುತ್ತಾಳೆ. ತಪ್ಪು ಹಾಲಿನದ್ದಲ್ಲ, ಲೆಕ್ಕದ್ದು.

ಪೂರ್ತಿ ಅವಧಿ 40 ವಾರ. ಹೆಣ್ಣುಮಗುವೊಂದು 32 ವಾರಕ್ಕೆ ಹುಟ್ಟಿದರೆ 8 ವಾರ, ಅಂದರೆ ಸುಮಾರು 2 ತಿಂಗಳು ಬೇಗ ಬಂದ ಹಾಗೆ. ಅದಕ್ಕೆ ಈಗ 5 ತಿಂಗಳಾಗಿದ್ದರೆ ಬೆಳವಣಿಗೆಯನ್ನು 3 ತಿಂಗಳ ಮಗುವಿನಂತೆ ನೋಡಬೇಕು. ಅದರ ತೂಕ 5 ಕಿಲೋ ಎಂದಿಟ್ಟುಕೊಳ್ಳಿ. ತಾಯಿ ಕಾರ್ಡಿನ ನಕ್ಷೆಯಲ್ಲಿ 5 ತಿಂಗಳಿಗೆ ಗುರುತು ಹಾಕಿದರೆ ಹಳದಿಗೆ ಬೀಳುತ್ತದೆ. 3 ತಿಂಗಳಿಗೆ ಹಾಕಿದರೆ ಹಸಿರಿನಲ್ಲೇ ಇರುತ್ತದೆ. 2 ವರ್ಷ ಆಗುವವರೆಗೆ ಹೀಗೆಯೇ ಲೆಕ್ಕ ಹಾಕಬೇಕು. ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದಕ್ಕೂ ಇದೇ ಲೆಕ್ಕ.

ಆದರೆ ಲಸಿಕೆಗೆ ಈ ಲೆಕ್ಕ ಬೇಡ. ಹುಟ್ಟಿದ ದಿನಾಂಕದ ಪ್ರಕಾರವೇ ಹಾಕಿಸಿ.

2. ಏನೇನು ಅಳೆಯಬೇಕು?

ತೂಕ: ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ. ಸುಮಾರು 2 ವಾರದಲ್ಲಿ ಹುಟ್ಟುತೂಕ ವಾಪಸ್ ಬರುತ್ತದೆ. ಮನೆಗೆ ಬಂದ ಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಬಟ್ಟೆ ತೆಗೆದು, ಆದಷ್ಟು ಒಂದೇ ತಕ್ಕಡಿಯಲ್ಲಿ ತೂಗಿಸಿ.

ತಲೆಯ ಸುತ್ತಳತೆ: ಇದು ಮೆದುಳಿನ ಬೆಳವಣಿಗೆ ತೋರಿಸುತ್ತದೆ. ತಲೆ ಬೆಳೆಯದಿದ್ದರೂ, ತೀರಾ ಬೇಗ ದೊಡ್ಡದಾದರೂ ವೈದ್ಯರಿಗೆ ತೋರಿಸಬೇಕು.

ಉದ್ದ: ಮಗುವನ್ನು ಮಲಗಿಸಿ, ಕಾಲು ನೇರ ಮಾಡಿ ಅಳೆಯುತ್ತಾರೆ.

ಹುಟ್ಟಿದ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಅವರಿಂದ ತೂಕ ಬರೆಸಿಕೊಳ್ಳಿ. ಒಂದು ದಿನದ ತೂಕಕ್ಕಿಂತ ಗೆರೆ ಮೇಲಕ್ಕೆ ಹೋಗ್ತಾ ಇದೆಯೇ ಎನ್ನುವುದು ಮುಖ್ಯ.

3. ಮನೆಯಲ್ಲಿ ಮಾಡುವುದು

ಎದೆಹಾಲೇ ಉತ್ತಮ. ಚೀಪಲು ಆಗದಿದ್ದರೆ ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ, ಬಾಟಲಿ ಬೇಡ. ಮಗುವನ್ನು ಬರಿಮೈಯಲ್ಲಿ ಎದೆಗವಚಿ ಬೆಚ್ಚಗಿಡಿ. ಈ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾಯಿತು. ಇದನ್ನು ಅಪ್ಪ, ಅಜ್ಜಿಯೂ ಮಾಡಬಹುದು. ಮೈ ಬೆಚ್ಚಗಿದ್ದರೆ ಕುಡಿದ ಹಾಲು ಚಳಿ ತಡೆಯಲು ಖರ್ಚಾಗದೆ ಬೆಳವಣಿಗೆಗೆ ಸಿಗುತ್ತದೆ. ಕಬ್ಬಿಣಾಂಶ ಮತ್ತು ವಿಟಮಿನ್ ಡಿ ಹನಿಗಳನ್ನು ವೈದ್ಯರು ಹೇಳಿದಷ್ಟೇ ಕೊಡಿ.

34 ವಾರಕ್ಕೆ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ 30 ದಿನದೊಳಗೆ ಕಣ್ಣು ಪರೀಕ್ಷೆ ಆಗಲೇಬೇಕು. ತಡ ಮಾಡಿದರೆ ದೃಷ್ಟಿಯೇ ಹೋಗಬಹುದು.

4. ಕೂಡಲೇ ಆಸ್ಪತ್ರೆಗೆ

ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಉಸಿರಾಡುವಾಗ ಎದೆಗೂಡು ಒಳಸೇರಿದರೆ, ಫಿಟ್ಸ್ ಬಂದರೆ ಕಾಯಬೇಡಿ. ವಾರವಾದರೂ ತೂಕ ಏರದಿದ್ದರೆ ಅದೂ ಅಪಾಯದ ಸೂಚನೆಯೇ.

ಚರ್ಚಿಸೋಣ

* ನಮ್ಮ ಸಂಘದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿದ್ದಾರೆಯೇ? ಅವರ ಸರಿಯಾದ ಲೆಕ್ಕದ ವಯಸ್ಸು ಎಷ್ಟು?
* ಬಾಣಂತಿಯನ್ನು ದೂರುವ ಬದಲು ನಾವು ಯಾವ ಸಹಾಯ ಮಾಡಬಹುದು?

ದೇವರು ನಮ್ಮ ಕೈಗೆ ಒಪ್ಪಿಸಿದ ಜೀವ ಎಷ್ಟೇ ಪುಟ್ಟದಿರಲಿ, ಅದನ್ನು ಕಾಪಾಡುವುದು ಮನೆಯವರೆಲ್ಲರ ಜವಾಬ್ದಾರಿ.