ಕಣ್ಣಿನ ಪಾಪೆ ನೋಡಿದಿಯಾ?

ತಂಗೀ, ಮೊನ್ನೆ ನೀನು ಆನೆಗೊಂದಿಗೆ ಬಂದಾಗ ಮನೆಕಟ್ಟೆಯ ಮೇಲೆ ಕೂತು ನಿನ್ನ ಪುಸ್ತಕ ತಿರುವಿ ಹಾಕಿದೆ. ಉಸಿರಾಟಕ್ಕೆ ನೀಲಿ ಗೆರೆ, ರಕ್ತ ಪರಿಚಲನೆಗೆ ಕೆಂಪು, ನರವ್ಯೂಹಕ್ಕೆ ಹಳದಿ. ಅಚ್ಚುಕಟ್ಟಾಗಿ ಓದುತ್ತಿದ್ದೀ. ಆದರೂ ಹೋಗುವಾಗ, "ತಾತಾ, ಒಂದೊಂದು ವ್ಯೂಹಕ್ಕ ಹತ್ತಿಪ್ಪತ್ತು ರೋಗ ಅದಾವ, ಪರೀಕ್ಷಿ ಹೊತ್ತಿಗೆ ಎಲ್ಲಾ ಕಲಸಿ ಹೋಗ್ತಾವ" ಅಂದೆ. ಆಗ ಬಸ್ಸು ಬಂತು, ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಆರೋಗ್ಯ ಸಹಾಯಕನಾಗಿ ಸೇರಿ ಎರಡನೇ ವರ್ಷ. ನೆಲ್ಲು ತೆನೆ ಒಡೆಯುವ ಕಾಲ. ಮಧ್ಯಾಹ್ನ ಮೂರರ ಸುಮಾರಿಗೆ ಒಬ್ಬನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ವಾಂತಿ, ಬಟ್ಟೆಯಲ್ಲೇ ಬೇದಿ. ನಾನು ದೊಡ್ಡ ಜಾಣನಂತೆ ರಿಜಿಸ್ಟರಿನಲ್ಲಿ 'ವಾಂತಿ-ಬೇದಿ' ಎಂದು ಬರೆದು ಓಆರ್‌ಎಸ್ ಕಲಸತೊಡಗಿದೆ. ಅಷ್ಟರಲ್ಲಿ ಡಾಕ್ಟರು ಬಂದರು. ಅವರು ಕೇಳಿದ್ದು ಒಂದೇ ಮಾತು: "ಕಣ್ಣಿನ ಪಾಪೆ ನೋಡಿದಿಯಾ?"

ನೋಡಿರಲಿಲ್ಲ. ಅವರು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಪಾಪೆ ಸೂಜಿಮೊನೆಯಷ್ಟಾಗಿತ್ತು. ಆಮೇಲೆ ಒಂದೊಂದೇ ನನ್ನ ಕಣ್ಣಿಗೂ ಬಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಎದೆಯೊಳಗೆ ಗೊರಗೊರ ಸದ್ದು, ಮೀನಖಂಡದ ಚರ್ಮದಡಿ ಹುಳ ಹರಿದಂತೆ ಅದುರು. ನಾಡಿ ನಿಮಿಷಕ್ಕೆ 52. ಮೈಯ ನೀರೆಲ್ಲ ಹೋದವನ ನಾಡಿ ಓಡಬೇಕು ತಂಗಿ, ಇವನದು ಕುಂಟುತ್ತಿತ್ತು. ಅದೊಂದನ್ನು ಎಣಿಸಿದ್ದರೂ ನನಗೆ ಅನುಮಾನ ಬರಬೇಕಿತ್ತು. ಬೆಳಗಿನಿಂದ ಗದ್ದೆಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಿದ್ದ ಎಂದು ಅವನ ಹೆಂಡತಿ ಹೇಳಿದ್ದೂ ಡಾಕ್ಟರು ಕೇಳಿದ ಮೇಲೆ. ಅಂಗಿ ಬಿಚ್ಚಿಸಿ, ಮೈಯನ್ನು ಸೋಪು ಹಚ್ಚಿ ತೊಳೆಸಿ, ಎದೆಯ ಗೊರಗೊರ ನಿಲ್ಲುವವರೆಗೂ ಅಟ್ರೋಪಿನ್ ಕೊಡುತ್ತಲೇ ಹೋದರು. ಬದುಕಿದ.

ಈಗ ನಿನ್ನ ಪುಸ್ತಕ ತೆಗೆ. ಪಾಪೆ ಕಣ್ಣಿನ ಅಧ್ಯಾಯದಲ್ಲಿದೆ. ಜೊಲ್ಲು, ವಾಂತಿ, ಬೇದಿ ಜೀರ್ಣಾಂಗದಲ್ಲಿ, ಗೊರಗೊರ ಶ್ವಾಸಕೋಶದಲ್ಲಿ, ನಿಧಾನ ನಾಡಿ ಹೃದಯದಲ್ಲಿ, ಅದುರು ಸ್ನಾಯುಗಳಲ್ಲಿ. ಐದು ಅಧ್ಯಾಯ, ಕಾರಣ ಒಂದು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಸ ಹೊರಟು ಅಂಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮುಟ್ಟಿದ ಕ್ಷಣವೇ ಅದನ್ನು ಒಡೆದುಹಾಕಲು ಒಂದು ಕಿಣ್ವವಿದೆ. ಆರ್ಗನೋಫಾಸ್ಫೇಟ್ ಜಾತಿಯ ಎಣ್ಣಿ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕಾಲುವೆಯ ತೂಬು ಮುಚ್ಚಲು ಬಾರದೆ ಹೋದರೆ ಎಲ್ಲರ ಗದ್ದೆಗೂ ನೀರು ನುಗ್ಗುತ್ತದಲ್ಲ, ಹಾಗೆ.

ವ್ಯೂಹಗಳ ಪಟ್ಟಿ ರೋಗದ ಹೆಸರು ತುಂಬಿಡುವ ಕಪಾಟು ಅಂದುಕೊಂಡಿದ್ದೀ, ಅದಕ್ಕೇ ಕಲಸಿ ಹೋಗುತ್ತದೆ. ನಾನು ಅದನ್ನು ನೋಡುವ ದಾರಿ ಮಾಡಿಕೊಂಡೆ. ಕಣ್ಣು, ಬಾಯಿ, ಎದೆ, ನಾಡಿ, ಹೊಟ್ಟೆ, ಕೈಕಾಲು, ಚರ್ಮ, ಮೂತ್ರ. ಯಾರೇ ಬರಲಿ, ಏನೇ ಹೇಳಲಿ, ಒಂದು ನಿಲ್ದಾಣವನ್ನೂ ಬಿಡದೆ ಹೋಗುವುದು. ಹೆಸರಿಡುವ ಕೆಲಸ ಡಾಕ್ಟರದು. ನೀನು ಬರೆಯಬೇಕಾದದ್ದು 'ವಾಂತಿ ನಾಲ್ಕು ಸಲ, ಪಾಪೆ ಸಣ್ಣ, ನಾಡಿ 52' ಅಂತ. ಅವತ್ತು ನಾನು ಮೊದಲೇ ಹೆಸರು ಬರೆದೆ, ಬರೆದ ಮೇಲೆ ಕಣ್ಣು ನೋಡುವುದನ್ನೇ ಬಿಟ್ಟಿತು.

ಜನ ಆಡುವ ಮಾತಿಗೂ ಒಂದು ನೋಟ್‌ಬುಕ್ ಇಡು. ಪರೀಕ್ಷೆಯಲ್ಲಿ ಕೇಳುವುದಿಲ್ಲ, ಇರಲಿ. ಕಾಮಣಿ, ಲಕ್ವಾ, ಸಂದು ಬ್ಯಾನಿ ಸುಲಭ. ಕಷ್ಟದ್ದು 'ದಮ್ಮು'. "ದಮ್ಮು ಹತ್ತತೈತ್ರಿ" ಅನ್ನುವವನಿಗೆ ಆಸ್ತಮಾ ಇರಬಹುದು. ಹೃದಯ ಸೋತು ಕಾಲು ಊದಿ, ರಾತ್ರಿ ಮಲಗಲಾಗದೆ ಎದ್ದು ಕೂರುವವನಿರಬಹುದು. ಕೆಳರೆಪ್ಪೆ ಎಳೆದರೆ ಬಿಳುಚಿಕೊಂಡ ರಕ್ತಹೀನತೆಯ ಬಾಣಂತಿಯೂ ಇರಬಹುದು. ಅದಕ್ಕಿಂತ ಕೆಟ್ಟದ್ದು 'ಗ್ಯಾಸ್'. ಹೃದಯದ ಕೆಳಗೋಡೆಗೆ ರಕ್ತ ನಿಂತರೆ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದು. ಗ್ಯಾಸ್ ಅನ್ನುತ್ತ ತಣ್ಣಗೆ ಬೆವರುವ ನಡುವಯಸ್ಸಿನವನಿಗೆ ಸೋಡಾ ಕುಡಿಸಬೇಡ, ಮೊದಲು ಇಸಿಜಿ. 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುವಂತಾಯಿತು. ನಮ್ಮ ಕಾಲದಲ್ಲಿ ಅಂಥವರು ಹುಬ್ಬಳ್ಳಿ ದಾರಿಯಲ್ಲೇ ಹೋಗಿಬಿಡುತ್ತಿದ್ದರು.

ಊರು ಯಾವುದು ಎಂದು ಕೇಳುವುದೂ ರೋಗಿಯ ಪರೀಕ್ಷೆಯ ಭಾಗವೇ. ನಮಗೆ ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಾಳೆ. ನಮ್ಮದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಬೀಳುತ್ತದೆ. ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು ಸೆಟೆದು ಗದ್ದ ಎದೆಗೆ ಮುಟ್ಟದಂತಾಗುತ್ತದೆ. ಮೊಮ್ಮಗನ ಹಲ್ಲು, ಅಜ್ಜನ ಬೆನ್ನು, ಒಂದೇ ಕೊಡದ ನೀರು. ಕಾಯಿಸಿ ಕುಡಿಯಿರಿ ಎಂದು ಬಾಯಿಪಾಠ ಒಪ್ಪಿಸಬೇಡ. ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ನಮ್ಮ ಕಡೆ ನೆಲ್ಲಿನ ಗದ್ದೆಯೂ ಹಂದಿಯೂ ಇರುವ ಊರಿನ ಮಗುವಿಗೆ ಜ್ವರದ ಜೊತೆ ಫಿಟ್ಸ್ ಬಂದರೆ ಮೆದುಳು ಜ್ವರ ನೆನಪಾಗಬೇಕು. ಆ ವೈರಸ್ಸು ಹೊತ್ತ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುವುದು ನಿಂತ ಗದ್ದೆನೀರಿನಲ್ಲೇ.

ಹೃದಯ, ಶ್ವಾಸಕೋಶ ಬಾಯಿಪಾಠವಾಗದಿದ್ದರೆ ಒಂದು ಬೆಳಗ್ಗೆ ಅಂಜನಾದ್ರಿಗೆ ನಡೆ. ಕೆಳಗೆ ಒಮ್ಮೆ ನಿನ್ನ ನಾಡಿಯನ್ನೂ ಉಸಿರನ್ನೂ ಎಣಿಸು. 575 ಮೆಟ್ಟಿಲು ಹತ್ತಿ ಮತ್ತೊಮ್ಮೆ. ಮೊದಲಿನ ಲೆಕ್ಕಕ್ಕೆ ಇಳಿಯಲು ಎಷ್ಟು ನಿಮಿಷ ಬೇಕಾಯಿತು ಬರೆದಿಡು. ಮಧ್ಯದಲ್ಲಿ ಸುಸ್ತಾಗಿ ಕೂತವರನ್ನೂ ಸುಮ್ಮನೆ ನೋಡು. ಮಂಡಿ ಹಿಡಿದು ಕೂತವರು ಯಾರು, ಎದೆ ಹಿಡಿದು ಕೂತವರು ಯಾರು, ತುಟಿ ಬಿಳುಚಿದವರು ಯಾರು. ಕೋತಿಗಳಿಂದ ನೋಟ್‌ಬುಕ್ ಜೋಪಾನ.

ಎಣಿಸುವುದು ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಕಲಿಯಬೇಡ, ಮಕ್ಕಳ ವಿಷಯದಲ್ಲಂತೂ ಬೇಡವೇ ಬೇಡ. ಎರಡು ತಿಂಗಳೊಳಗಿನ ಕೂಸಿಗೆ ಉಸಿರು 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ನ್ಯುಮೋನಿಯಾದ ಅನುಮಾನ. ಕೂಸು ಅಳುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ತಾಯಿ ತೊಡೆಯ ಮೇಲೆ ಸುಮ್ಮನಾಗುವವರೆಗೆ ಕಾಯಿ.

ಫೋನು ನೋಡಿ ಎಣಿಸಬೇಡ, ನಡುವೆ ಯಾರಾದರೂ ಮೆಸೇಜು ಹಾಕುತ್ತಾರೆ. ನನ್ನ ಎಚ್‌ಎಂಟಿ ವಾಚು ಇಲ್ಲೇ ಗೂಡಿನಲ್ಲಿದೆ. ಸೆಕೆಂಡಿನ ಮುಳ್ಳು ಇನ್ನೂ ಸರಿಯಾಗಿ ಓಡುತ್ತದೆ, ಬೆಲ್ಟು ಮಾತ್ರ ಹರಿದಿದೆ. ಬರುವ ವಾರ ಬಂದಾಗ ಒಯ್ಯಿ, ಗಂಗಾವತಿಯಲ್ಲಿ ಹಾಕಿಸಿಕೊಂಡರಾಯಿತು.