ಇಲ್ಲದ ಪಾದ ಉರಿಯುತ್ತದೆ, ಏಕೆ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, ಹಳೆಯ ಶುಗರ್. ಗ್ಯಾಂಗ್ರೀನ್ ಆಗಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ. ಇಲ್ಲದ ಪಾದ ರಾತ್ರಿಯೆಲ್ಲ ಉರಿಯುತ್ತದೆ ಎನ್ನುತ್ತಾರೆ. ನರಮಂಡಲದ ಮಾತು ಕೇಳುವ ಕೃತಕ ಕಾಲಿನ ವಿಡಿಯೊ ನೋಡಿದೆವು. ಇಲ್ಲಿ ಹಾಕಿಸಬಹುದೇ? ಗಾಂಧಿಬಜಾರಿಗೆ ನಡೆದು ಹೋಗಬೇಕೆಂಬುದು ಅವರ ಆಸೆ.
– ಓದುಗರು, ಬಸವನಗುಡಿ

ಉತ್ತರ: ಉರಿ ನಿಜ, ಮನೆಯವರು ಮೊದಲು ಅದನ್ನು ನಂಬಿ. ಪಾದ ಹೋದರೂ ಅದರ ನರ ಉಳಿದ ಕಾಲಿನಲ್ಲಿ ಜೀವಂತವಾಗಿದೆ, ಮಿದುಳಿನಲ್ಲಿ ಪಾದದ ಜಾಗವೂ ಹಾಗೇ ಇದೆ. ನೀವು ನೋಡಿದ ಕಾಲು ನಡೆಯುವುದೂ ಇದರಿಂದಲೇ.

ಪಾದ ಎತ್ತಿದಾಗ ಮುಂದಿನ ಸ್ನಾಯು ಬಿಗಿಯುತ್ತದೆ, ಹಿಂದಿನ ಮೀನಖಂಡ ಹಿಗ್ಗುತ್ತದೆ. ಪಾದ ಎಲ್ಲಿದೆಯೆಂದು ಮಿದುಳಿಗೆ ತಿಳಿಯುವುದು ಬಹುಮಟ್ಟಿಗೆ ಈ ಎಳೆತದಿಂದ. ಮಾಮೂಲಿ ಆಪರೇಷನ್‌ನಲ್ಲಿ ಈ ಜೋಡಿ ಮುರಿಯುತ್ತದೆ. ಪರ್ವತಾರೋಹಣದಲ್ಲಿ ತಾನೇ ಎರಡೂ ಕಾಲು ಕಳೆದುಕೊಂಡ ಅಮೆರಿಕದ ಹ್ಯೂ ಹರ್, ಎಂಐಟಿಯ ತಮ್ಮ ತಂಡದೊಂದಿಗೆ ಇದನ್ನು ಸರಿಪಡಿಸಲು ಹೊರಟರು. ಉಳಿದ ಕಾಲಿನೊಳಗೆ ಆ ಸ್ನಾಯುಗಳನ್ನು ಮತ್ತೆ ಜೋಡಿಯಾಗಿ ಹೊಲಿಯುವುದು, ಅವುಗಳ ಸಂಕೇತವನ್ನು ಎಲೆಕ್ಟ್ರೋಡ್‌ಗಳಿಂದ ಓದಿ ಮೋಟಾರಿನ ಪಾದವನ್ನು ಆಡಿಸುವುದು ಅವರ ವಿಧಾನ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಹೊಲಿಸಿಕೊಂಡ ಏಳು ಮಂದಿಯ ಗರಿಷ್ಠ ನಡಿಗೆಯ ವೇಗ ಮಾಮೂಲಿ ಆಪರೇಷನ್ ಆದ ಏಳು ಮಂದಿಯದಕ್ಕಿಂತ ಶೇ 41ರಷ್ಟು ಹೆಚ್ಚಿತ್ತು. ಆದರೆ ಅದಿನ್ನೂ ಪ್ರಯೋಗಾಲಯದ ಪಾದ. ಮೇಲಾಗಿ ಬಹುಕಾಲದ ಶುಗರ್ ನರಗಳನ್ನೇ ಮಂಕಾಗಿಸುತ್ತದೆ, ಗಾಯವೂ ಬೇಗ ಮಾಯುವುದಿಲ್ಲ. ತಂದೆಯವರಿಗೆ ಮತ್ತೊಂದು ಆಪರೇಷನ್ ನಾನಂತೂ ಹೇಳಲಾರೆ.

ಆಪರೇಷನ್ ಇನ್ನೂ ಆಗಬೇಕಿರುವವರು ಮಾತ್ರ ಸರ್ಜನ್‌ರನ್ನು ಒಂದು ಮಾತು ಕೇಳಿ: ಕತ್ತರಿಸಿದ ನರದ ತುದಿಯನ್ನು ಏನು ಮಾಡುತ್ತೀರಿ? ಅದನ್ನು ಹತ್ತಿರದ ಸ್ನಾಯುವಿನ ನರಕ್ಕೆ ಜೋಡಿಸುವ ಟಿಎಂಆರ್ ವಿಧಾನವಿದೆ. ಷಿಕಾಗೋದಲ್ಲಿ ಕೃತಕ ಕೈ ಆಡಿಸಲೆಂದು ಹುಟ್ಟಿದ್ದು, ಈಗ ಇಂಥ ನೋವು ತಗ್ಗಿಸಲೂ ಬಳಕೆಯಲ್ಲಿದೆ. ಹಾಗೇ ಬಿಟ್ಟರೆ ದಾರಿ ಗೊತ್ತಿಲ್ಲದ ನರ ಗಂಟುಕಟ್ಟಿ ಕಾಡುತ್ತದೆ.

ಉರಿಗೆ ಕನ್ನಡಿ ಪ್ರಯತ್ನಿಸಿ. ಚೆನ್ನೈನಲ್ಲಿ ವೈದ್ಯಕೀಯ ಓದಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿಕೊಟ್ಟದ್ದು. ಎರಡು ಕಾಲುಗಳ ನಡುವೆ ಕನ್ನಡಿ ನಿಲ್ಲಿಸಿ, ಎಡಪಾದದ ಬಿಂಬ ನೋಡುತ್ತ ನಿಧಾನವಾಗಿ ಪಾದ ಆಡಿಸಲಿ. ಎಲ್ಲರಿಗೂ ಒಗ್ಗುವುದಿಲ್ಲ, ಖರ್ಚಂತೂ ಇಲ್ಲ. ನರದ ಮಾತ್ರೆಗಳೂ ಇವೆ. ಕಿಡ್ನಿ ಪರೀಕ್ಷೆ ಮಾಡಿಸಿಯೇ ಡೋಸ್ ನಿರ್ಧಾರ.

ನಡೆಯಲು ಬೇಕಿರುವುದು ಅಳತೆಗೆ ಸರಿಯಾಗಿ ಕೂರುವ ಸಾಕೆಟ್, ಅಂದರೆ ಉಳಿದ ಕಾಲನ್ನು ಇಳಿಸುವ ಕೃತಕ ಕಾಲಿನ ಬಟ್ಟಲು. ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ 1994ರಿಂದ ಈ ಕೆಲಸದಲ್ಲಿದೆ, ವಿಚಾರಿಸಿ. ಉಳಿದ ಕಾಲು ಊತ ಇಳಿದು ಸಣ್ಣಗಾಗುತ್ತದೆ, ಸಾಕೆಟ್ ಬದಲಿಸಬೇಕಾದೀತು. ನಮ್ಮ ಫುಟ್‌ಪಾತ್‌ಗಳ ಎದ್ದ ಕಲ್ಲುಗಳ ಮೇಲೆ ಆರಂಭದಲ್ಲಿ ಕೋಲು ಬಿಡುವುದು ಬೇಡ.

ಎಡಪಾದವನ್ನು ದಿನಾ ಬೆರಳ ಸಂದಿಗಳ ಸಮೇತ ನೋಡಿ. ಗುಳ್ಳೆಯೋ ಬಿರುಕೋ ಕಂಡರೆ ಅಂದೇ ವೈದ್ಯರಿಗೆ ತೋರಿಸಿ, ನೋವಿಲ್ಲವೆಂದು ಕಾಯಬೇಡಿ.