ಹಳೇ ಅಂಬಾಸಡರ್‌ಗೆ ಡಿಸ್ಟ್ರಿಬ್ಯೂಟರ್ ಕೂರಿಸುವಾಗ: ಮಾಡಬೇಕಾದ್ದು, ಮಾಡಬಾರದ್ದು

ಬಿಡದಿಯ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ಹಳೇ ಪೆಟ್ರೋಲ್ ಗಾಡಿಯನ್ನು ಜೋಪಾನ ಮಾಡಿಕೊಂಡು ಬಂದಿರುವ ಮಾಲೀಕರಿಗೂ ಈ ಸೂಚನೆ. ಇಲ್ಲಿನ ಟೊಯೋಟಾ ಕಾರ್ಖಾನೆಯಿಂದ ಹೊರಬಂದ ಡೀಸೆಲ್ ಕ್ವಾಲಿಸ್, ಇನ್ನೋವಾಗಳಲ್ಲಿ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಅದಕ್ಕೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರೂ ಇಲ್ಲ. ಅವುಗಳ ಮೇಲೇ ಪಳಗಿದ ಕೈ ಅಂಬಾಸಡರ್ ಬಾನೆಟ್ ಎತ್ತಿದಾಗ ಅವಸರ ಮಾಡಬಾರದು. ತೂತಿಗೆ ಕೂತಿತು, ಗಾಡಿ ಸ್ಟಾರ್ಟ್ ಆಯಿತು ಅಂದ ಮಾತ್ರಕ್ಕೆ ಅದು ಆ ಇಂಜಿನ್ನಿನ ಡಿಸ್ಟ್ರಿಬ್ಯೂಟರ್ ಆಗುವುದಿಲ್ಲ.

ಕೊಳ್ಳುವ ಮೊದಲು

ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ನಿಂತು ‘ಅಂಬಾಸಡರ್‌ದು ಒಂದು ಕೊಡಿ’ ಎಂದು ಕೇಳಬೇಡಿ. 1489 ಸಿಸಿಯ ಬಿಎಂಸಿ ಇಂಜಿನ್ ಬೇರೆ, 1990ರ ದಶಕದಲ್ಲಿ ಬಂದ ಇಸುಜು 1.8 ಬೇರೆ. ಇಂಜಿನ್ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಿ.

ಹಳೆಯದರ ಮೈಮೇಲಿನ ಜಿಡ್ಡನ್ನು ಒರೆಸಿ, ಅಚ್ಚು ಓದಿ. ಲೂಕಾಸ್‌ನದಾದರೆ 25ಡಿ4 ಎಂಬಂಥ ಮಾದರಿ ಹೆಸರಿರುತ್ತದೆ. ಕೊನೆಯ 4 ಸಿಲಿಂಡರುಗಳ ಲೆಕ್ಕ. ಪಕ್ಕದಲ್ಲೇ ಬೇರೊಂದು ನಂಬರ್ ಇರುತ್ತದೆ. ಅದೇ ಮುಖ್ಯ. ಒಂದೇ 25ಡಿ4 ಮೈಯೊಳಗೆ ಬೇರೆ ಬೇರೆ ಇಂಜಿನ್‌ಗಳಿಗೆ ಬೇರೆ ಬೇರೆ ಸ್ಪ್ರಿಂಗ್, ತೂಕ ಹಾಕಿರುತ್ತಾರೆ. ವ್ಯಾಕ್ಯೂಮ್ ಡಬ್ಬಿಯ ಮೇಲಿನ ಅಂಕಿಯನ್ನೂ ಬಿಡಬೇಡಿ. ಅಲ್ಲಿ 5-13-10 ಎಂದಿದ್ದರೆ, ಪಾದರಸದ 5 ಅಂಗುಲ ಎಳೆತಕ್ಕೆ ಅಡ್ವಾನ್ಸ್ ಶುರುವಾಗಿ 13 ಅಂಗುಲಕ್ಕೆ ಪೂರ್ತಿಯಾಗುತ್ತದೆ, ಡಿಸ್ಟ್ರಿಬ್ಯೂಟರ್ 10 ಡಿಗ್ರಿ ಮುಂದೆ ಹೋಗುತ್ತದೆ ಎಂದರ್ಥ. ಅದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನಲ್ಲಿ ಅದೇ 20 ಡಿಗ್ರಿ. ಅಡ್ವಾನ್ಸ್ ಹೆಚ್ಚಾದರೆ ಏರಿನಲ್ಲಿ ಇಂಜಿನ್ ಕಟಕಟ ಬಡಿದು ಪಿಸ್ಟನ್‌ಗೆ ಕೇಡು. ಕಡಿಮೆಯಾದರೆ ಗಾಡಿ ಎಳೆಯದು, ಕಾಯುತ್ತದೆ, ಪೆಟ್ರೋಲ್ ಕುಡಿಯುತ್ತದೆ.

ಡಬ್ಬಿಯ ಪೈಪನ್ನು ಬಾಯಲ್ಲಿ ಎಳೆದು ನೋಡಿ. ಒಳಗಿನ ಪ್ಲೇಟ್ ಸರಿಯಬೇಕು, ನಾಲಿಗೆ ಒತ್ತಿ ಹಿಡಿದಷ್ಟು ಹೊತ್ತು ಹಾಗೇ ನಿಲ್ಲಬೇಕು. ಹಿಂದಕ್ಕೆ ಬಂತೋ, ಡಯಾಫ್ರಂ ಹರಿದಿದೆ. ಆ ಮಾಲು ಕೊಳ್ಳಬೇಡಿ.

ಬಿಚ್ಚುವಾಗ, ಕೂರಿಸುವಾಗ

ಬ್ಯಾಟರಿಯ ಅರ್ತ್ ವೈರ್ ಮೊದಲು ತೆಗೆಯಿರಿ. ಕೆಲವು ತೀರಾ ಹಳೇ ಗಾಡಿಗಳಲ್ಲಿ ಅರ್ತ್‌ಗೆ ಕೊಟ್ಟಿರುವುದು ಪಾಸಿಟಿವ್. ನೋಡದೆ ಎಲೆಕ್ಟ್ರಾನಿಕ್ ಕಿಟ್ ಹಾಕಿದರೆ ಸುಟ್ಟುಹೋಗುತ್ತದೆ.

ರೋಟರ್ ಯಾವ ಕಡೆಗಿದೆ, ಮೈ ಎಲ್ಲಿ ನಿಂತಿದೆ ಎಂದು ಗುರುತು ಹಾಕದೆ ಬೋಲ್ಟ್ ಸಡಿಲಿಸಬೇಡಿ. ಹೊರತೆಗೆದ ಮೇಲೆ ಇಂಜಿನ್ ತಿರುಗಿಸಲೇಬೇಡಿ. ಯಾರೋ ತಿರುಗಿಸಿಬಿಟ್ಟಿದ್ದರೆ, ರೇಡಿಯೇಟರ್ ಪಕ್ಕದ ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳಿಟ್ಟು ಕೈಯಿಂದ ತಿರುಗಿಸಿ. ಗಾಳಿ ಬೆರಳನ್ನು ತಳ್ಳುವಾಗ ಪುಲಿಯ ಗುರುತು ಕೂಡಿಸಿ. ಗುರುತನ್ನು ಮಾತ್ರ ನಂಬಬೇಡಿ. ನಾಲ್ಕನೆಯದು ಕಂಪ್ರೆಷನ್‌ನಲ್ಲಿದ್ದರೂ ಗುರುತು ಕೂಡುತ್ತದೆ.

ವೈರ್ ಕೊಡುವಾಗ

ಬಿಎಂಸಿ ಇಂಜಿನ್ನಿನ ಫೈರಿಂಗ್ ಆರ್ಡರ್ 1-3-4-2. ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ, ವೈರುಗಳೂ ಹಾಗೇ ಸುತ್ತಬೇಕು. ಮಾರುತಿ 800ರ ಮೂರು ಸಿಲಿಂಡರಿಗೆ 1-3-2. ಒಂದರ ಅಭ್ಯಾಸ ಇನ್ನೊಂದಕ್ಕೆ ತರಬಾರದು.

ಹಳೇ ಕಾಯಿಲ್ ಮೇಲೆ ಎಸ್‌ಡಬ್ಲ್ಯೂ, ಸಿಬಿ ಎಂದಿದ್ದರೆ ಎಸ್‌ಡಬ್ಲ್ಯೂಗೆ ಸ್ವಿಚ್ಚಿನ ವೈರು, ಸಿಬಿಗೆ ಡಿಸ್ಟ್ರಿಬ್ಯೂಟರಿನದು. ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜಿನಲ್ಲೇ ಅಳೆಯಿರಿ, 25ಡಿ4ಗೆ 0.014ರಿಂದ 0.016 ಅಂಗುಲ. ಅಂದಾಜು ಬೇಡ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಕಾರ್ಬುರೇಟರ್ ಮೇಲೆ ಮುಖ ಬಗ್ಗಿಸಬಾರದು. ವೈರ್ ಅದಲುಬದಲಾಗಿದ್ದರೆ ಬೆಂಕಿ ಮೇಲಕ್ಕೇ ಉಗುಳುತ್ತದೆ. ಇಂಜಿನ್ ನಿಂತಿದ್ದಾಗ ಕೀ ಆನ್ ಇಟ್ಟು ಟೀ ಕುಡಿಯಲು ಹೋಗಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಬೇಯುತ್ತದೆ.

ಗಾಡಿ ರಾಮನಗರಕ್ಕೆ ಹೋಗಿ ಬಂದು, ಏರಿನಲ್ಲಿ ಬಡಿಯಲಿಲ್ಲವೆಂದು ಖಾತ್ರಿಯಾಗುವ ತನಕ ಹಳೇ ಡಿಸ್ಟ್ರಿಬ್ಯೂಟರನ್ನು ಗುಜರಿಗೆ ಹಾಕಬಾರದು. ಮಾಲೀಕರ ಕೈಗೇ ಕೊಡಬೇಕು.